ಹೊಸ್ತಿಲ ಮೇಲೆ ನಿಲ್ಲುವ ಎಡಗಾಲು

ಪ್ರಶ್ನೆ: ಎರಡೂವರೆ ವರ್ಷದಿಂದ ಕಾರು ಓಡಿಸುತ್ತಿದ್ದೇನೆ. ಸಣ್ಣ ಪೆಟ್ರೋಲ್ ಕಾರು, ಮ್ಯಾನ್ಯುಯಲ್ ಗೇರ್. ಮನೆ ಕೆಂಗೇರಿ ಕಡೆ, ಆಫೀಸು ಮಾರತ್ತಹಳ್ಳಿ. ದಿನಕ್ಕೆ ಮೂರು ಗಂಟೆ ಟ್ರಾಫಿಕ್ಕಿನಲ್ಲೇ ಕಳೆಯುತ್ತದೆ. ಹೋದ ತಿಂಗಳು ಮಡಿಕೇರಿಗೆ ಹೋಗುವಾಗ ಏರಿನಲ್ಲಿ ಸುಟ್ಟ ವಾಸನೆ ಬಂತು. ಇಂಜಿನ್ ಕೂಗುತ್ತಿತ್ತು, ಕಾರು ಮಾತ್ರ ಮುಂದೆ ಹೋಗುತ್ತಿರಲಿಲ್ಲ. ಕ್ಲಚ್ ಪ್ಲೇಟ್ ಹೋಗಿದೆ ಅಂದರು. ಓಡಿರುವುದು ಬರೀ 31,000 ಕಿ.ಮೀ. ವಾರಂಟಿಗೆ ಬರುವುದಿಲ್ಲವಂತೆ. ‘ನೀವು ಹಾಫ್ ಕ್ಲಚ್‌ನಲ್ಲೇ ಓಡಿಸ್ತೀರಾ ಅನ್ಸುತ್ತೆ ಮೇಡಂ’ ಅಂದರು ಮೆಕ್ಯಾನಿಕ್, ಅಂದರೆ ಪೆಡಲ್ ಅರ್ಧ ಒತ್ತಿಕೊಂಡೇ. ಡ್ರೈವಿಂಗ್ ಸ್ಕೂಲಿನಲ್ಲಿ ‘ಎಡಗಾಲು ಯಾವಾಗಲೂ ಕ್ಲಚ್ ಮೇಲೇ ಇರಲಿ’ ಅಂತ ಕಲಿಸಿದ್ದರು. ನಮ್ಮ ಮನೆಯವರು ಸಿಗ್ನಲ್‌ನಲ್ಲಿ ನ್ಯೂಟ್ರಲ್ ಮಾಡು ಅನ್ನುತ್ತಾರೆ. ಮಾವ ಇಳಿಜಾರಿನಲ್ಲಿ ಕ್ಲಚ್ ಒತ್ತಿಕೊಂಡರೆ ಪೆಟ್ರೋಲ್ ಉಳಿಯುತ್ತದೆ ಅನ್ನುತ್ತಾರೆ. ಯಾರ ಮಾತು ಕೇಳಲಿ? ಹೊಸ ಪ್ಲೇಟ್ ಹಾಕಿಸಿದ್ದೇನೆ, ಇದನ್ನಾದರೂ ಉಳಿಸಿಕೊಳ್ಳಬೇಕು. ಇಲ್ಲಾಂದ್ರೆ ಸುಮ್ನೆ ಆಟೋಮ್ಯಾಟಿಕ್ ಕಾರು ತಗೊಂಡುಬಿಡಲಾ?

ಉತ್ತರ: ನಿಮ್ಮ ಮನೆಯವರ ಮಾತು ಸರಿ. ಮಾವನವರ ಮಾತು ಅವರ ಕಾಲಕ್ಕೆ ಅರ್ಧ ಸರಿಯಿತ್ತು, ಈಗ ಪೂರ್ತಿ ತಪ್ಪು. ನಿಮ್ಮ ಪ್ಲೇಟನ್ನು ತಿಂದದ್ದು ಬಹುಶಃ ಡ್ರೈವಿಂಗ್ ಸ್ಕೂಲಿನ ಪಾಠ.

ಸ್ಕೂಲಿನವರು ಕೆಟ್ಟದ್ದು ಮಾಡಬೇಕೆಂದು ಹಾಗೆ ಹೇಳುವುದಿಲ್ಲ. ಹೊಸಬರು ಗಾಬರಿಯಾದಾಗ ಕ್ಲಚ್ ಒತ್ತುವುದು ಮರೆತರೆ ಇಂಜಿನ್ ಆಫ್ ಆಗುತ್ತದೆ, ಹಿಂದಿನಿಂದ ಹಾರನ್ ಶುರುವಾಗುತ್ತದೆ, ಕಲಿಯುವವರ ಕೈಕಾಲು ನಡುಗುತ್ತದೆ. ಅದಕ್ಕೇ ‘ಕಾಲು ಅಲ್ಲೇ ಇಟ್ಟಿರಿ’ ಅಂತ ಒಂದು ಸುಲಭದ ಉಪಾಯ ಹೇಳಿಕೊಡುತ್ತಾರೆ. ಮೊದಲ ಹದಿನೈದು ದಿನಕ್ಕೆ ಅದು ನಡೆಯುತ್ತದೆ. ಹದಿನಾರನೇ ದಿನ ಕಾಲು ಅಲ್ಲಿಂದ ತೆಗೆಯಿರಿ ಎಂದು ಹೇಳಲು ಮಾತ್ರ ಯಾರೂ ಇರುವುದಿಲ್ಲ. ಅಷ್ಟರಲ್ಲಿ ಲೈಸೆನ್ಸ್ ಬಂದಿರುತ್ತದೆ, ಅಲ್ವಾ?

ಒಳಗೆ ಏನಾಗುತ್ತದೆ ಎಂದು ಒಮ್ಮೆ ಗೊತ್ತಾದರೆ ಯಾವುದು ಸರಿ, ಯಾವುದು ತಪ್ಪು ಎಂದು ಪ್ರತಿಸಲ ಬೇರೆಯವರನ್ನು ಕೇಳಬೇಕಾಗುವುದಿಲ್ಲ. ಇಂಜಿನ್ನಿನ ತುದಿಯಲ್ಲಿ ಫ್ಲೈವೀಲ್ ಅಂತ ಒಂದು ಭಾರದ ಚಕ್ರ ಇದೆ. ಇಂಜಿನ್ ಚಾಲೂ ಇರುವಷ್ಟು ಹೊತ್ತೂ ಅದು ತಿರುಗುತ್ತಲೇ ಇರುತ್ತದೆ. ಅದಕ್ಕೆ ಎದುರಾಗಿ ಕ್ಲಚ್ ಪ್ಲೇಟ್. ಸಣ್ಣ ಕಾರಿನಲ್ಲಿ ಇದು ತಿಂಡಿ ತಟ್ಟೆಯಷ್ಟು ಅಗಲ, ಏಳೆಂಟು ಇಂಚು. ಎರಡೂ ಮುಖಕ್ಕೆ ಬ್ರೇಕ್ ಲೈನಿಂಗ್ ಥರದ ಪದರವನ್ನು ರಿವೆಟ್ ಹೊಡೆದು ಕೂರಿಸಿರುತ್ತಾರೆ. ಈ ಪ್ಲೇಟಿಗೆ ಗೇರ್ ಬಾಕ್ಸಿನ ಶಾಫ್ಟ್ ಜೋಡಣೆಯಾಗಿರುತ್ತದೆ. ಆಚೆಯಿಂದ ಪ್ರೆಶರ್ ಪ್ಲೇಟ್ ಎಂಬುದು ಗಟ್ಟಿ ಸ್ಪ್ರಿಂಗ್ ಬಲದಿಂದ ಇದನ್ನು ಫ್ಲೈವೀಲಿಗೆ ಅಮುಕಿ ಹಿಡಿದಿರುತ್ತದೆ. ಎರಡು ಅಂಗೈ ನಡುವೆ ಒಂದು ಅಡಿಕೆ ಹಾಳೆ ತಟ್ಟೆಯನ್ನು ಬಿಗಿಯಾಗಿ ಒತ್ತಿ ಹಿಡಿದಂತೆ. ಅಂಗೈ ತಿರುಗಿದರೆ ತಟ್ಟೆಯೂ ತಿರುಗಬೇಕು.

ನೀವು ಪೆಡಲ್ ಒತ್ತಿದಾಗ ರಿಲೀಸ್ ಬೇರಿಂಗ್ ಎಂಬ ಗುಂಡುಗಳ ಬಳೆ ಮುಂದೆ ಸರಿದು ಆ ಸ್ಪ್ರಿಂಗಿನ ಬೆರಳುಗಳನ್ನು ಒತ್ತುತ್ತದೆ. ಹಿಡಿತ ಸಡಿಲವಾಗುತ್ತದೆ. ಪೂರ್ತಿ ಒತ್ತಿದರೆ ಪ್ಲೇಟ್ ಯಾವುದಕ್ಕೂ ತಾಗದೆ ಆರಾಮಾಗಿ ಇರುತ್ತದೆ. ಪೂರ್ತಿ ಬಿಟ್ಟರೆ ಫ್ಲೈವೀಲಿಗೆ ಅಂಟಿಕೊಂಡು ಒಟ್ಟಿಗೇ ತಿರುಗುತ್ತದೆ. ಈ ಎರಡೂ ಸ್ಥಿತಿಯಲ್ಲಿ ಪ್ಲೇಟ್ ಸವೆಯುವುದಿಲ್ಲ. ಇದನ್ನು ಚೆನ್ನಾಗಿ ನೆನಪಿಡಿ. ಸವೆತವೆಲ್ಲ ಆಗುವುದು ನಡುವಿನ ಆ ಒಂದೆರಡು ಇಂಚಿನಲ್ಲಿ. ಫ್ಲೈವೀಲ್ ಒಂದು ವೇಗದಲ್ಲಿ, ಪ್ಲೇಟ್ ಇನ್ನೊಂದು ವೇಗದಲ್ಲಿ ತಿರುಗುತ್ತಾ ಒಂದಕ್ಕೊಂದು ಉಜ್ಜಿಕೊಳ್ಳುವಾಗ.

ನಮ್ಮ ಅಜ್ಜಿ ಹೊಸ್ತಿಲ ಮೇಲೆ ನಿಂತರೆ ಗದರುತ್ತಿದ್ದರು. ಒಳಗೆ ಬಾ, ಇಲ್ಲ ಹೊರಗೆ ಹೋಗು, ಅಲ್ಲಿ ನಿಲ್ಲಬೇಡ ಎಂದು. ಕಾರು ಕಲಿಯಲು ಬಂದವರಿಗೆ ನಾನು ಹೇಳುವುದೂ ಅಷ್ಟೇ. ಹಾಫ್ ಕ್ಲಚ್ ಎಂಬುದು ಹೊಸ್ತಿಲು. ದಾಟದೆ ಮನೆಯೊಳಗೆ ಹೋಗುವ ಹಾಗಿಲ್ಲ, ನಿಂತ ಕಾರನ್ನು ಅದಿಲ್ಲದೆ ಹೊರಡಿಸುವ ಹಾಗೂ ಇಲ್ಲ. ಆದರೆ ಅಲ್ಲಿ ಕೂತು ಹರಟೆ ಹೊಡೆಯಬಾರದು.

ಆ ಲೈನಿಂಗ್ ಎಷ್ಟು ದಪ್ಪ ಇರಬಹುದು ಅಂದುಕೊಂಡಿದ್ದೀರಿ? ಹೊಸ ಪ್ಲೇಟಿನಲ್ಲೂ ರಿವೆಟ್ ತಲೆಯ ಮೇಲೆ ಇರುವುದು ಒಂದು ಮಿಲಿಮೀಟರ್ ಚಿಲ್ಲರೆ, ಅಷ್ಟೇ. ಇದರಲ್ಲೇ ಒಬ್ಬರು ಲಕ್ಷ ಕಿ.ಮೀ. ದಾಟಿಸುತ್ತಾರೆ, ಇನ್ನೊಬ್ಬರು 30,000ಕ್ಕೇ ಮುಗಿಸುತ್ತಾರೆ. ಕಾರು ಅದೇ, ಪ್ಲೇಟ್ ಅದೇ. ಕಾಲು ಬೇರೆ.

ಈಗ ನಿಮ್ಮ ಮಡಿಕೇರಿ ಏರಿಗೆ ಬರೋಣ. ಪ್ಲೇಟಿನ ಪ್ರಾಣ ಹೋಗಿದ್ದು ಅಲ್ಲಿ, ಆದರೆ ಕಾಯಿಲೆ ಅಲ್ಲಿ ಶುರುವಾದದ್ದಲ್ಲ. ಏರಿನಲ್ಲಿ ಮುಂದಿನ ವಾಹನ ನಿಂತಾಗ ನೀವು ಏನು ಮಾಡುತ್ತೀರಿ? ಜಾಸ್ತಿ ಜನ ಮಾಡುವುದು ಇದು: ಬ್ರೇಕ್ ಬಿಟ್ಟು, ಸ್ವಲ್ಪ ಆಕ್ಸಿಲರೇಟರ್ ಕೊಟ್ಟು, ಹಾಫ್ ಕ್ಲಚ್‌ನಲ್ಲಿ ಕಾರನ್ನು ಹಿಂದೆ ಜಾರದಂತೆ ತೂಗಿ ಹಿಡಿಯುತ್ತಾರೆ. ನೋಡುವವರಿಗೆ ‘ಎಂಥ ಕಂಟ್ರೋಲು’ ಅನ್ನಿಸುತ್ತದೆ. ಒಂದು ಸಣ್ಣ ಲೆಕ್ಕ ಹಾಕಿ ನೋಡಿ. ಜನ ತುಂಬಿದ ಸಣ್ಣ ಕಾರು, 1,200 ಕೆ.ಜಿ. ತೂಕ. ಹತ್ತು ಅಡಿಗೆ ಒಂದು ಅಡಿ ಏರುವ ರಸ್ತೆ. ಇಂಜಿನ್ ನಿಮಿಷಕ್ಕೆ 1,500 ಸುತ್ತು, ಅಂದರೆ 1,500 ಆರ್‌ಪಿಎಂನಲ್ಲಿದೆ. ಕಾರು ನಿಂತಲ್ಲೇ ಇದೆ, ಅಂದರೆ ಇಂಜಿನ್ ಪ್ಲೇಟಿಗೆ ಕೊಡುತ್ತಿರುವ ಶಕ್ತಿಯೆಲ್ಲ ಬಿಸಿಯಾಗಿ ಹೋಗಬೇಕು. ಮೊದಲನೇ ಗೇರಿನ ಲೆಕ್ಕದಲ್ಲಿ ಅದು ಸುಮಾರು ಮೂರೂವರೆ ಕಿಲೋವಾಟ್ ಆಗುತ್ತದೆ. ಬಕೆಟ್ಟಿಗೆ ಇಳಿಬಿಟ್ಟು ನೀರು ಕಾಯಿಸುವ 1,500 ವಾಟಿನ ಕಾಯಿಲ್ ಇರುತ್ತದಲ್ಲ, ಅಂಥವು ಎರಡಕ್ಕಿಂತ ಜಾಸ್ತಿ. ಅಷ್ಟು ಶಾಖ ಗಾಳಿ ಸರಿಯಾಗಿ ಆಡದ ಒಂದು ಡಬ್ಬದೊಳಗೆ, ತಿಂಡಿ ತಟ್ಟೆಯ ಗಾತ್ರದ ಒಂದು ಬಿಲ್ಲೆಯ ಮೇಲೆ. ಅರ್ಧ ನಿಮಿಷ ಹಿಡಿದರೆ ವಾಸನೆ ಬಾರದೆ ಇನ್ನೇನು ಬರುತ್ತದೆ?

ಆ ವಾಸನೆಯನ್ನು ನಾನೂ ಕುಡಿದಿದ್ದೇನೆ. ಮೂವತ್ತು ವರ್ಷದ ಹಿಂದಿನ ಮಾತು. ಚಾರ್ಮಾಡಿ ಘಾಟಿ ಏರುತ್ತಿದ್ದೆ. ಸಂಬಂಧಿಕರ ಕಾರು, ಒಳಗೆ ಆರು ಜನ, ಮೇಲೆ ಮದುವೆ ಸಾಮಾನು. ಒಂದು ತಿರುವಿನಲ್ಲಿ ಲಾರಿ ಕೆಟ್ಟು ನಿಂತಿತ್ತು. ವಾಹನಗಳು ಒಂದೊಂದೇ ಅಡಿ ಸರಿಯುತ್ತಿದ್ದವು. ಹ್ಯಾಂಡ್ ಬ್ರೇಕ್ ಎಳೆಯುವುದು ಕಲಿಯುವವರ ಲಕ್ಷಣ ಎಂದು ನನಗೆ ಆಗ ಭಾರಿ ನಾಚಿಕೆ. ಹಾಫ್ ಕ್ಲಚ್‌ನಲ್ಲೇ ತೂಗಿಸಿದೆ. ಕೊಟ್ಟಿಗೆಹಾರಕ್ಕೆ ಇನ್ನೂ ನಾಲ್ಕೈದು ಕಿ.ಮೀ. ಇರುವಾಗ ಪೆಡಲ್ ಬಿಟ್ಟರೂ ಕಾರು ಎಳೆಯಲಿಲ್ಲ. ಮದುಮಗಳ ಅಣ್ಣ ಇಳಿದು ತಳ್ಳಿದರು. ಆ ಮದುವೆಯ ಊಟದಲ್ಲಿ ನನ್ನ ಎಲೆಗೆ ಯಾರೂ ಎರಡನೇ ಸಲ ಹೋಳಿಗೆ ಬಡಿಸಲಿಲ್ಲ ಎಂಬುದು ಇವತ್ತಿಗೂ ನೆನಪಿದೆ.

ಏರಿನಲ್ಲಿ ಮಾಡಬೇಕಾದದ್ದು ಹೀಗೆ. ನಿಂತ ಕೂಡಲೇ ಹ್ಯಾಂಡ್ ಬ್ರೇಕ್ ಎಳೆಯಿರಿ, ನ್ಯೂಟ್ರಲ್ ಮಾಡಿ, ಎರಡೂ ಕಾಲಿಗೆ ವಿಶ್ರಾಂತಿ ಕೊಡಿ. ಮುಂದಿನವನು ಹೊರಟಾಗ ಕ್ಲಚ್ ಪೂರ್ತಿ ಒತ್ತಿ ಮೊದಲನೇ ಗೇರ್ ಹಾಕಿ. ಸ್ವಲ್ಪ ಆಕ್ಸಿಲರೇಟರ್ ಕೊಟ್ಟು ಕ್ಲಚ್ ನಿಧಾನ ಬಿಡುತ್ತಾ ಬನ್ನಿ. ಒಂದು ಹಂತದಲ್ಲಿ ಇಂಜಿನ್ ಸದ್ದು ಭಾರವಾಗುತ್ತದೆ, ಕಾರಿನ ಮೂತಿ ಚೂರು ಮೇಲೇಳುತ್ತದೆ. ಪ್ಲೇಟ್ ಕಚ್ಚಿತು ಎಂದು ಅರ್ಥ. ಆಗ ಹ್ಯಾಂಡ್ ಬ್ರೇಕ್ ಇಳಿಸಿ. ಕಾರು ಹಿಂದೆ ಹೋಗದೆ ಮುಂದೆ ಹೊರಡುತ್ತದೆ, ಕ್ಲಚ್ ಪೂರ್ತಿ ಬಿಟ್ಟುಬಿಡಿ. ಇದಕ್ಕೆ ಹಿಡಿಯುವುದು ಎರಡು ಮೂರು ಸೆಕೆಂಡ್. ನಿಮ್ಮ ಕಾರಿನಲ್ಲಿ ಹಿಲ್ ಹೋಲ್ಡ್ ಇದ್ದರೆ ಬ್ರೇಕ್ ಬಿಟ್ಟ ಮೇಲೂ ಒಂದೆರಡು ಸೆಕೆಂಡ್ ಅದೇ ಹಿಡಿದುಕೊಳ್ಳುತ್ತದೆ, ಕೆಲಸ ಇನ್ನೂ ಹಗುರ. ಜೊತೆಗೆ ಮುಂದಿನ ವಾಹನಕ್ಕೆ ಅಂಟಿಕೊಂಡು ನಿಲ್ಲಬೇಡಿ. ಹತ್ತು ಹದಿನೈದು ಅಡಿ ಬಿಟ್ಟು ನಿಂತರೆ, ಅವನು ಮೂರು ಸಲ ಸರಿಯುವಷ್ಟರಲ್ಲಿ ನೀವು ಒಂದೇ ಸಲ ಸರಿದರೆ ಸಾಕು. ಮೂರು ಹಾಫ್ ಕ್ಲಚ್ ಇದ್ದಲ್ಲಿ ಒಂದು.

ಆಕ್ಸಿಲರೇಟರ್ ಬಗ್ಗೆಯೂ ಒಂದು ಮಾತು. ಹೊರಡುವಾಗ ಇಂಜಿನ್ ಆಫ್ ಆಗಿಬಿಡುತ್ತದೇನೋ ಎಂಬ ಹೆದರಿಕೆಗೆ ತುಂಬ ಜನ ‘ಭರ್ರ್’ ಎನ್ನಿಸಿ ಕ್ಲಚ್ ಬಿಡುತ್ತಾರೆ. ಹೊರಡುವಾಗ ಪ್ಲೇಟಿನಲ್ಲಿ ಹುಟ್ಟುವ ಶಾಖ ಆರ್‌ಪಿಎಂ ಜೊತೆ ಸಮಸಮ ಏರುವುದಿಲ್ಲ, ಅದರ ವರ್ಗದಷ್ಟು ಏರುತ್ತದೆ. 1,250ರಲ್ಲಿ ಹೊರಡುವುದಕ್ಕೂ 2,500ರಲ್ಲಿ ಹೊರಡುವುದಕ್ಕೂ ಎರಡು ಪಟ್ಟು ವ್ಯತ್ಯಾಸ ಅಲ್ಲ, ನಾಲ್ಕು ಪಟ್ಟು. ಅದೇ ಕಾರಣಕ್ಕೆ ಎರಡನೇ ಗೇರಿನಲ್ಲಿ ಹೊರಡುವ ಚಟವೂ ಬೇಡ. ಮೊದಲನೇ ಗೇರ್ ಇರುವುದೇ ಅದಕ್ಕೆ.

ಇನ್ನು ನಿಮ್ಮ ದಿನದ ಮೂರು ಗಂಟೆ. ನನ್ನ ಲೆಕ್ಕದಲ್ಲಿ ಅಸಲಿ ಕಳ್ಳ ಇಲ್ಲೇ ಇದ್ದಾನೆ.

ಸಿಲ್ಕ್ ಬೋರ್ಡ್ ಹತ್ತಿರ ಆಮೆ ನಡಿಗೆಯಲ್ಲಿ ಸರಿಯುವಾಗ ನಿಮ್ಮ ಎಡಗಾಲು ಎಲ್ಲಿರುತ್ತದೆ ಎಂದು ನಾಳೆ ಗಮನಿಸಿ. ಪೆಡಲ್ ಅರ್ಧ ಒಳಗೆ, ಅರ್ಧ ಹೊರಗೆ, ಬಲಗಾಲು ಆಕ್ಸಿಲರೇಟರ್ ಮೇಲೆ. ಅಲ್ವಾ? ಇದರ ಬದಲು ಒಂದು ಪ್ರಯೋಗ ಮಾಡಿ. ಭಾನುವಾರ ಬೆಳಿಗ್ಗೆ ಯಾವುದಾದರೂ ಖಾಲಿ ಮೈದಾನಕ್ಕೆ, ಸಮತಟ್ಟಾದ ಜಾಗಕ್ಕೆ ಕಾರು ತೆಗೆದುಕೊಂಡು ಹೋಗಿ. ಮೊದಲನೇ ಗೇರ್ ಹಾಕಿ. ಬಲಗಾಲನ್ನು ಬ್ರೇಕ್ ಮೇಲೆ ಸುಮ್ಮನೆ ತೇಲಿಸಿಡಿ, ಆಕ್ಸಿಲರೇಟರ್ ಮುಟ್ಟಲೇಬೇಡಿ. ಕ್ಲಚ್ಚನ್ನು ತುಂಬ ನಿಧಾನವಾಗಿ ಬಿಡಿ. ಕಾರು ತಾನಾಗಿ ಹೊರಡುತ್ತದೆ. ಕಾಲು ಪೂರ್ತಿ ತೆಗೆದು ಪಕ್ಕಕ್ಕಿಡಿ. ಕಾರು ಗಂಟೆಗೆ 6 ಕಿ.ಮೀ. ಆಸುಪಾಸಿನಲ್ಲಿ ತನ್ನಷ್ಟಕ್ಕೆ ನಡೆಯುತ್ತಾ ಹೋಗುತ್ತದೆ. ಇಂಜಿನ್ ಒದ್ದಾಡಿದರೆ ಈಗಿನ ಕಾರುಗಳ ಕಂಪ್ಯೂಟರೇ ಚೂರು ಜಾಸ್ತಿ ಪೆಟ್ರೋಲ್ ಕೊಟ್ಟು ಸಂಭಾಳಿಸುತ್ತದೆ. ಮನುಷ್ಯ ಬಿರುಸಾಗಿ ನಡೆಯುವ ವೇಗ ಅದು. ಬೆಂಗಳೂರಿನ ಸಂಜೆ ಟ್ರಾಫಿಕ್ಕಿಗೆ ಇದಕ್ಕಿಂತ ಹೊಂದುವ ವೇಗ ಇನ್ನೊಂದಿಲ್ಲ.

ಈ ಪ್ರಯೋಗವನ್ನು ಹತ್ತು ಹದಿನೈದು ಸಲ ಮಾಡಿದರೆ ಪ್ಲೇಟ್ ಎಲ್ಲಿ ಕಚ್ಚುತ್ತದೆ ಎಂಬುದು ಕಾಲಿಗೇ ಗೊತ್ತಾಗುತ್ತದೆ. ಆಮೇಲೆ ಟ್ರಾಫಿಕ್ಕಿನಲ್ಲಿ ಮುಂದೆ ಎರಡು ಮೂರು ಕಾರಿನಷ್ಟು ಜಾಗ ಆಗುವವರೆಗೆ ಕಾಯಿರಿ. ಮೊದಲನೇ ಗೇರಿನಲ್ಲಿ ಹೊರಟು ಕ್ಲಚ್ ಪೂರ್ತಿ ಬಿಟ್ಟು ನಡೆಸಿ. ಮುಂದಿನವನ ಹತ್ತಿರ ಬಂದಾಗ ಕ್ಲಚ್ ಪೂರ್ತಿ ಒತ್ತಿ ಬ್ರೇಕ್ ಹಾಕಿ. ನೀವು ಬಿಟ್ಟ ಜಾಗಕ್ಕೆ ಒಂದು ಸ್ಕೂಟರೋ ಆಟೋವೋ ತೂರಿಕೊಳ್ಳುತ್ತದೆ, ಖಂಡಿತ. ತೂರಿಕೊಳ್ಳಲಿ ಬಿಡಿ. ಅವನು ನಿಮಗಿಂತ ಹತ್ತು ಅಡಿ ಮುಂಚೆ ಮನೆ ಸೇರುತ್ತಾನೆ, ನಿಮ್ಮ ಪ್ಲೇಟ್ ಉಳಿಯುತ್ತದೆ.

ಕಾಲು ಸುಮ್ಮನೆ ಪೆಡಲ್ ಮೇಲೆ ಇಟ್ಟುಕೊಳ್ಳುವುದರ ವಿಷಯ ಬೇರೆ. ‘ನಾನು ಒತ್ತುವುದಿಲ್ಲ ಸಾರ್, ಬರೀ ಇಟ್ಟಿರ್ತೀನಿ’ ಅನ್ನುತ್ತಾರೆ. ಚಪ್ಪಲಿ ಸಮೇತ ಕಾಲಿನ ಭಾರವೇ ಪೆಡಲನ್ನು ಚೂರು ಇಳಿಸಲು ಸಾಕು. ರಸ್ತೆಯ ಹಂಪ್, ಗುಂಡಿಗಳಲ್ಲಿ ಅದು ಇನ್ನಷ್ಟು ಇಳಿಯುತ್ತದೆ. ಕೇಬಲ್ ಕ್ಲಚ್, ಅಂದರೆ ಪೆಡಲ್ ಒಂದು ತಂತಿಯನ್ನು ಎಳೆಯುವಂಥದ್ದು, ಇರುವ ಕಾರಿನಲ್ಲಿ ಪೆಡಲಿಗೆ ಮೇಲ್ಗಡೆ ಒಂದೆರಡು ಸೆಂಟಿಮೀಟರ್ ಪ್ಲೇ ಬಿಟ್ಟಿರುತ್ತಾರೆ. ಒತ್ತಿದರೂ ಏನೂ ಆಗದ ಸಡಿಲ ಜಾಗ ಅದು. ರಿಲೀಸ್ ಬೇರಿಂಗ್ ಸ್ಪ್ರಿಂಗಿಗೆ ತಾಗದೆ ದೂರ ಇರಲಿ ಎಂದೇ ಅದನ್ನು ಬಿಟ್ಟಿರುವುದು. ನಿಮ್ಮ ಕಾಲು ಆ ಜಾಗವನ್ನು ನುಂಗಿಹಾಕುತ್ತದೆ. ಬೇರಿಂಗ್ ದಿನವಿಡೀ ತಿರುಗಿ ತಿರುಗಿ ಸಾಯುತ್ತದೆ. ಸ್ಪ್ರಿಂಗಿನ ಹಿಡಿತ ಕಡಿಮೆಯಾಗಿ, ಏರಿನಲ್ಲೋ ಓವರ್‌ಟೇಕ್ ಮಾಡುವಾಗಲೋ ಪ್ಲೇಟ್ ನಿಮಗೆ ತಿಳಿಯದೇ ಚೂರು ಚೂರು ಜಾರುತ್ತದೆ. ಹಳೇ ಪೆಟ್ರೋಲ್ ಅಂಬಾಸಿಡರ್‌ಗಳಲ್ಲಿ ಬೇರಿಂಗ್ ಜಾಗದಲ್ಲಿ ಕಾರ್ಬನ್ನಿನ ಒಂದು ಬಳೆ ಇರುತ್ತಿತ್ತು. ಗುಂಡುಗಳೇ ಇಲ್ಲ, ಬರೀ ಉಜ್ಜಿಕೊಂಡು ಕೆಲಸ ಮಾಡುವಂಥದ್ದು. ಆ ಕಾಲದ ಟ್ಯಾಕ್ಸಿ ಡ್ರೈವರುಗಳು ಕ್ಲಚ್ ಮೇಲೆ ಕಾಲಿಟ್ಟ ಹುಡುಗರ ಮೊಣಕಾಲಿಗೆ ಪಟ್ ಎಂದು ಹೊಡೆಯುತ್ತಿದ್ದುದು ಅದಕ್ಕೇ.

ಹಾಗಾದರೆ ಕಾಲು ಎಲ್ಲಿಡಬೇಕು? ಕ್ಲಚ್ಚಿನ ಎಡಗಡೆ ಕಾಲಿಡಲೆಂದೇ ಒಂದು ಜಾಗ ಇರುತ್ತದೆ, ಡೆಡ್ ಪೆಡಲ್ ಅನ್ನುತ್ತಾರೆ. ಕೆಲವು ಸಣ್ಣ ಕಾರುಗಳಲ್ಲಿ ಅದು ಇರುವುದಿಲ್ಲ, ಆಗ ಹಿಮ್ಮಡಿಯನ್ನು ನೆಲಕ್ಕಿಟ್ಟು ಪಾದವನ್ನು ಪೆಡಲಿನಿಂದ ಎಡಕ್ಕೆ ಸರಿಸಿ. ಗೇರ್ ಬದಲಿಸಿದ ಪ್ರತಿಸಲವೂ ಕಾಲು ಅಲ್ಲಿಗೆ ವಾಪಸ್ ಹೋಗಬೇಕು. ಒಂದು ವಾರ ನೆನಪಿಟ್ಟುಕೊಂಡು ಮಾಡಿ, ಆಮೇಲೆ ತಾನೇ ಹೋಗುತ್ತದೆ. ಸೀಟನ್ನೂ ಒಮ್ಮೆ ನೋಡಿಕೊಳ್ಳಿ. ಕ್ಲಚ್ಚನ್ನು ತಳದವರೆಗೆ ಒತ್ತಿದಾಗಲೂ ಮೊಣಕಾಲು ಚೂರು ಬಾಗಿರಬೇಕು. ಎಷ್ಟೋ ಮನೆಗಳಲ್ಲಿ ಗಂಡ ಹೆಂಡತಿ ಇಬ್ಬರೂ ಒಂದೇ ಕಾರು ಓಡಿಸುತ್ತಾರೆ, ಸೀಟ್ ಮಾತ್ರ ಎತ್ತರದವರ ಅಳತೆಗೇ ಇರುತ್ತದೆ. ದೂರ ಕೂತರೆ ಪೆಡಲ್ ತಳಕ್ಕೆ ಮುಟ್ಟುವುದಿಲ್ಲ, ಪ್ಲೇಟ್ ಪೂರ್ತಿ ಬಿಡಿಸಿಕೊಳ್ಳುವುದಿಲ್ಲ, ಗೇರ್ ಹಾಕುವಾಗ ‘ಕರ್ರ್’ ಎನ್ನುತ್ತದೆ. ಪೆಡಲಿನ ಕೆಳಗೆ ಮ್ಯಾಟ್ ಮಡಚಿಕೊಂಡಿದ್ದರೂ ಇದೇ ಕಥೆ.

ಸಿಗ್ನಲ್‌ನಲ್ಲಿ ನ್ಯೂಟ್ರಲ್ಲೋ, ಕ್ಲಚ್ ಒತ್ತಿ ಮೊದಲನೇ ಗೇರಿನಲ್ಲಿ ಕಾಯುವುದೋ? ಇಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಪೂರ್ತಿ ಒತ್ತಿ ಹಿಡಿದರೆ ಪ್ಲೇಟ್ ಸವೆಯುತ್ತದೆ ಅನ್ನುತ್ತಾರೆ. ಸವೆಯುವುದಿಲ್ಲ. ಸವೆಯುವುದು ಬೇರಿಂಗ್, ದಣಿಯುವುದು ಸ್ಪ್ರಿಂಗ್ ಮತ್ತು ನಿಮ್ಮ ಕಾಲು. ದಣಿದ ಕಾಲು ತನಗೇ ಗೊತ್ತಿಲ್ಲದೆ ಮೇಲೆ ಬರುತ್ತದೆ, ಆಗ ಪ್ಲೇಟ್ ಉಜ್ಜಲು ಶುರು. ಇನ್ನೊಂದು ಅಪಾಯವೂ ಇದೆ. ಚಪ್ಪಲಿ ಜಾರಿದರೆ ಗೇರಿನಲ್ಲಿರುವ ಕಾರು ಮುಂದಕ್ಕೆ ಜಿಗಿಯುತ್ತದೆ, ಎದುರಿಗೆ ಜನ ರಸ್ತೆ ದಾಟುತ್ತಿರುತ್ತಾರೆ. ನಾಲ್ಕೈದು ಸೆಕೆಂಡಾದರೆ ಒತ್ತಿ ಹಿಡಿಯಿರಿ, ಪರವಾಗಿಲ್ಲ. ಅದಕ್ಕಿಂತ ಜಾಸ್ತಿ ಅಂದರೆ ನ್ಯೂಟ್ರಲ್. ಈಗ ಎಷ್ಟೋ ಸಿಗ್ನಲ್‌ಗಳಲ್ಲಿ ಸೆಕೆಂಡ್ ಎಣಿಸುವ ಗಡಿಯಾರ ಇದೆ. ಐದು ಅಂತ ಬಂದಾಗ ಗೇರ್ ಹಾಕಿದರೂ ನೀವು ಯಾರಿಗೂ ತಡ ಮಾಡಿದಂತಾಗುವುದಿಲ್ಲ.

ಮಾವನವರ ವಿಷಯ. ಅವರ ಕಾಲದ ಕಾರ್ಬುರೇಟರ್ ಗಾಡಿಗಳಲ್ಲಿ ಇಳಿಜಾರಿನಲ್ಲಿ ಗೇರಿನಲ್ಲಿದ್ದರೂ ಇಂಜಿನ್ ಪೆಟ್ರೋಲ್ ಹೀರುತ್ತಲೇ ಇರುತ್ತಿತ್ತು. ಕ್ಲಚ್ ಒತ್ತಿದರೆ, ನ್ಯೂಟ್ರಲ್ ಮಾಡಿದರೆ ಸ್ವಲ್ಪ ಉಳಿಯುತ್ತಿದ್ದುದು ಸುಳ್ಳಲ್ಲ. 2000ನೇ ಇಸವಿಯ ಆಸುಪಾಸಿನಲ್ಲಿ ನಮ್ಮ ಕಾರುಗಳಿಗೆ ಕಂಪ್ಯೂಟರ್ ಅಳೆದು ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಷನ್ ಬಂತು. ಈಗ ಗೇರಿನಲ್ಲಿದ್ದು ಆಕ್ಸಿಲರೇಟರ್ ಪೂರ್ತಿ ಬಿಟ್ಟರೆ ಕಂಪ್ಯೂಟರ್ ಪೆಟ್ರೋಲನ್ನೇ ನಿಲ್ಲಿಸಿಬಿಡುತ್ತದೆ. ಚಕ್ರಗಳೇ ಇಂಜಿನ್ನನ್ನು ತಿರುಗಿಸುತ್ತವೆ. ನೀವು ಕ್ಲಚ್ ಒತ್ತಿದರೆ ಇಂಜಿನ್ ಚಕ್ರದಿಂದ ಕಡಿದುಹೋಗುತ್ತದೆ, ಆಫ್ ಆಗದಿರಲು ಅದಕ್ಕೆ ಮತ್ತೆ ಪೆಟ್ರೋಲ್ ಬೇಕು. ಅಂದರೆ ಉಳಿಸಲು ಹೋಗಿ ಖರ್ಚು ಮಾಡಿದಂತೆ.

ಪೆಟ್ರೋಲ್ ಬಿಡಿ, ಅದಕ್ಕಿಂತ ದೊಡ್ಡ ವಿಷಯ ಬ್ರೇಕ್. ಆಗುಂಬೆಯ 14 ತಿರುವುಗಳನ್ನು ಕ್ಲಚ್ ಒತ್ತಿಕೊಂಡು ಇಳಿದರೆ ಇಡೀ ಕಾರಿನ ಭಾರ ಬ್ರೇಕಿನ ಮೇಲೆ ಬೀಳುತ್ತದೆ. ಬಿಸಿಯಾದ ಬ್ರೇಕ್ ಹಿಡಿಯುವುದಿಲ್ಲ. ಏರಲು ಯಾವ ಗೇರ್ ಬೇಕಾಗುತ್ತದೋ ಇಳಿಯಲೂ ಅದೇ ಗೇರ್ ಎಂದು ಹಳಬರು ಹೇಳುವುದು ಸರಿಯಾಗಿಯೇ ಇದೆ. ಎರಡನೇ ಗೇರಿನಲ್ಲಿ ಕಾಲು ಪಕ್ಕಕ್ಕಿಟ್ಟು ಇಳಿಯಿರಿ. ಇನ್ನು ಇಳಿಜಾರಿನಲ್ಲಿ ಇಂಜಿನ್ನನ್ನೇ ಆಫ್ ಮಾಡುವ ಮಹಾನುಭಾವರೂ ಇದ್ದಾರೆ. ಅವರ ಕಾರಿನಲ್ಲಿ ಕೂರಬೇಡಿ. ಪವರ್ ಸ್ಟೀರಿಂಗ್ ಹೋಗುತ್ತದೆ, ನಾಲ್ಕು ಸಲ ಒತ್ತುವಷ್ಟರಲ್ಲಿ ಬ್ರೇಕ್ ಕಲ್ಲಾಗುತ್ತದೆ.

ಬ್ರೇಕ್ ಹಾಕುವಾಗಲೂ ಇದೇ ರೋಗ ಕಾಣುತ್ತದೆ. ಎದುರಿಗೆ ಏನೋ ಬಂತು, ಮೊದಲು ಕ್ಲಚ್ ಒತ್ತಿ ಆಮೇಲೆ ಬ್ರೇಕ್. ಕ್ಲಚ್ ಒತ್ತಿದರೆ ಕಾರು ನಿಲ್ಲುವುದಿಲ್ಲ, ಇನ್ನೂ ಸಲೀಸಾಗಿ ಓಡುತ್ತದೆ. ಮೊದಲು ಬ್ರೇಕ್. ವೇಗ ಇಳಿದು ಇಂಜಿನ್ ನಡುಗುವ ಹಂತಕ್ಕೆ ಬಂದಾಗ ಕ್ಲಚ್. ಮೂರನೇ ಗೇರಿನಲ್ಲಿದ್ದರೆ ಅದು ಗಂಟೆಗೆ 20 ಕಿ.ಮೀ. ಹತ್ತಿರ. ಪ್ರಾಣಕ್ಕೆ ಬಂದಂಥ ತುರ್ತಿನಲ್ಲಿ ಮಾತ್ರ ಎರಡನ್ನೂ ಒಟ್ಟಿಗೆ ತುಳಿಯಿರಿ, ಆಗ ಪ್ಲೇಟಿನ ಚಿಂತೆ ಬೇಡ.

ಹಾಫ್ ಕ್ಲಚ್ ಬೇಕೇ ಬೇಕು ಎನ್ನುವ ಜಾಗಗಳೂ ಇವೆ. ಪಾರ್ಕಿಂಗ್ ಮಾಡುವಾಗ, ರಿವರ್ಸ್‌ನಲ್ಲಿ ಇಂಚಿಂಚು ಸರಿಯುವಾಗ, ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ರ‍್ಯಾಂಪಿನ ಬಾಯಲ್ಲಿ. ಅಲ್ಲಿ ಧೈರ್ಯವಾಗಿ ಬಳಸಿ. ಆಕ್ಸಿಲರೇಟರ್ ಕನಿಷ್ಠ ಇರಲಿ, ಹೊತ್ತು ಕಡಿಮೆ ಇರಲಿ. ರ‍್ಯಾಂಪ್ ಹತ್ತುವ ಮೊದಲು ಮೇಲಿನಿಂದ ಯಾರೂ ಬರುತ್ತಿಲ್ಲ ಎಂದು ನೋಡಿಕೊಂಡು ಒಂದೇ ಉಸಿರಿಗೆ ಹತ್ತಿ. ರಿವರ್ಸ್ ಗೇರ್ ಹಾಕುವ ಮೊದಲು ಕ್ಲಚ್ ಪೂರ್ತಿ ಒತ್ತಿ ಎರಡು ಮೂರು ಸೆಕೆಂಡ್ ತಾಳಿ. ಒಳಗೆ ತಿರುಗುತ್ತಿರುವುದು ನಿಲ್ಲಲಿ. ಗೊರಗೊರ ಸದ್ದು ಬರುವುದಿಲ್ಲ.

ಈಗ ಹೊಸ ಪ್ಲೇಟ್ ಹಾಕಿಸಿದ್ದೀರಿ. ಬಿಲ್ ತೆಗೆದು ನೋಡಿ. ಕ್ಲಚ್ ಪ್ಲೇಟ್ ಒಂದೇ ಇದೆಯೋ, ಪ್ರೆಶರ್ ಪ್ಲೇಟ್ ಮತ್ತು ರಿಲೀಸ್ ಬೇರಿಂಗ್ ಕೂಡ ಬದಲಾಗಿವೆಯೋ? ಗೇರ್ ಬಾಕ್ಸ್ ಇಳಿಸುವುದೇ ದೊಡ್ಡ ಕೆಲಸ. ಒಮ್ಮೆ ಇಳಿಸಿದ ಮೇಲೆ ಮೂರನ್ನೂ ಒಟ್ಟಿಗೆ ಹಾಕುವುದು ಒಳ್ಳೆಯದು. ಸಾವಿರ ರೂಪಾಯಿ ಉಳಿಸಲು ಹೋಗಿ ಆರು ತಿಂಗಳಿಗೆ ಬೇರಿಂಗ್ ಹೋದರೆ ಮತ್ತೆ ಅದೇ ಮಜೂರಿ ಕೊಡಬೇಕು. ನಿಮ್ಮದು ಸುಟ್ಟುಹೋದ ಕೇಸು, ಆದ್ದರಿಂದ ಫ್ಲೈವೀಲ್ ಮುಖ ನೋಡಿದರೇ ಎಂದು ಕೇಳಿ. ನೀಲಿ ಕಲೆ, ಕೂದಲೆಳೆಯ ಬಿರುಕು ಇದ್ದರೆ ಹೊಸ ಪ್ಲೇಟ್ ಕೂಡ ಅದರ ಮೇಲೆ ಸರಿಯಾಗಿ ಕೂರುವುದಿಲ್ಲ, ಹೊರಡುವಾಗ ಕಾರು ದಡದಡ ನಡುಗುತ್ತದೆ. ಮೊದಲ ಕೆಲವು ನೂರು ಕಿ.ಮೀ. ಘಾಟಿ ಕಡೆ ಹೋಗದೆ, ಜೋರಾಗಿ ಎಳೆಸದೆ ಓಡಿಸಿ.

ಕೇಬಲ್ ಕ್ಲಚ್ ಆಗಿದ್ದರೆ ಪ್ರತಿ ಸರ್ವಿಸಿನಲ್ಲೂ ಪೆಡಲ್ ಪ್ಲೇ ನೋಡಿಸಿ. ಪ್ಲೇಟ್ ಸವೆದಂತೆ ಸ್ಪ್ರಿಂಗಿನ ಬೆರಳುಗಳು ಬೇರಿಂಗ್ ಕಡೆಗೆ ಬರುತ್ತವೆ, ಪ್ಲೇ ಕಡಿಮೆಯಾಗುತ್ತಾ ಹೋಗುತ್ತದೆ, ಕಚ್ಚುವ ಜಾಗ ಮೇಲೆ ಮೇಲೆ ಬರುತ್ತದೆ. ಪ್ಲೇ ಸೊನ್ನೆಯಾದರೆ ನೀವು ಕಾಲು ಇಡದಿದ್ದರೂ ಇಟ್ಟಂತೆಯೇ. ಅಡ್ಜಸ್ಟ್ ಮಾಡಲು ಮೆಕ್ಯಾನಿಕ್‌ಗೆ ಐದು ನಿಮಿಷ ಸಾಕು. ತಂತಿಯ ಬದಲು ಆಯಿಲ್ ಒತ್ತಡದಿಂದ ಕೆಲಸ ಮಾಡುವ ಹೈಡ್ರಾಲಿಕ್ ಕ್ಲಚ್ ಆಗಿದ್ದರೆ ಆ ಆಯಿಲಿನ ಮಟ್ಟ ನೋಡಿಸಿದರೆ ಆಯಿತು.

ಮುಂದೆ ಅನುಮಾನ ಬಂದಾಗ ಹೀಗೆ ನೋಡಿ. ಖಾಲಿ ರಸ್ತೆಯಲ್ಲಿ ನಾಲ್ಕನೇ ಗೇರಿನಲ್ಲಿ 40ರ ವೇಗದಲ್ಲಿ ಹೋಗುತ್ತಾ ಆಕ್ಸಿಲರೇಟರನ್ನು ಪೂರ್ತಿ ತುಳಿಯಿರಿ. ವೇಗವೂ ಇಂಜಿನ್ ಸದ್ದೂ ಜೊತೆಜೊತೆ ಏರಬೇಕು. ಸದ್ದು ಮಾತ್ರ ಮೇಲೆ ಹಾರಿ ಕಾರು ಹಿಂದೆ ಉಳಿದರೆ ಪ್ಲೇಟ್ ಜಾರುತ್ತಿದೆ. ಸದ್ದಿನಲ್ಲೂ ಗುಟ್ಟಿದೆ: ನ್ಯೂಟ್ರಲ್‌ನಲ್ಲಿ ನಿಂತಾಗ ಪೆಡಲ್ ಒತ್ತಿದರೆ ‘ಕಿರ್ರ್’ ಎಂದು ಬಂದು ಬಿಟ್ಟರೆ ಹೋಗುವುದು ರಿಲೀಸ್ ಬೇರಿಂಗ್. ಬಿಟ್ಟಾಗ ಬಂದು ಒತ್ತಿದರೆ ನಿಲ್ಲುವುದು ಬಹುಪಾಲು ಗೇರ್ ಬಾಕ್ಸಿನ ಬೇರಿಂಗ್. ಇದನ್ನು ಗ್ಯಾರೇಜಿನಲ್ಲಿ ಹೇಳಿದರೆ ನಿಮ್ಮನ್ನು ನೋಡುವ ರೀತಿಯೇ ಬದಲಾಗುತ್ತದೆ.

ಆಟೋಮ್ಯಾಟಿಕ್ ವಿಷಯ ಕೇಳಿದ್ದೀರಿ. ದಿನಕ್ಕೆ ಮೂರು ಗಂಟೆ ಟ್ರಾಫಿಕ್ಕಿನಲ್ಲಿ ಕೂರುವವರ ಮೊಣಕಾಲಿಗೆ ಅದು ಒಳ್ಳೆಯದೇ, ದುಡ್ಡಿದ್ದರೆ ತೆಗೆದುಕೊಳ್ಳಿ. ಆದರೆ ಕಡಿಮೆ ಬೆಲೆಯ ಕಾರುಗಳಲ್ಲಿ ಸಿಗುವ ಎಎಂಟಿ ಎನ್ನುವುದರಲ್ಲಿ ಇರುವುದು ಇದೇ ಕ್ಲಚ್ ಪ್ಲೇಟ್. ಪೆಡಲ್ ಒತ್ತುವ ಕೆಲಸ ನಿಮ್ಮ ಕಾಲಿನ ಬದಲು ಒಂದು ಯಂತ್ರ ಮಾಡುತ್ತದೆ, ಅಷ್ಟೇ. ಏರಿನಲ್ಲಿ ಬ್ರೇಕ್ ಬಿಟ್ಟು ಆಕ್ಸಿಲರೇಟರ್‌ನಿಂದಲೇ ಕಾರನ್ನು ತೂಗಿ ನಿಲ್ಲಿಸಿದರೆ ಅದರಲ್ಲೂ ಅದೇ ವಾಸನೆ ಬರುತ್ತದೆ. ಟಾರ್ಕ್ ಕನ್ವರ್ಟರ್ ಇರುವ ಗಾಡಿಗಳ ಕಥೆ ಬೇರೆ, ಅವುಗಳಲ್ಲಿ ಈ ಕೆಲಸಕ್ಕೆ ಪ್ಲೇಟಿನ ಬದಲು ಎಣ್ಣೆ ಇರುತ್ತದೆ. ಶೋರೂಮಿಗೆ ಹೋದಾಗ ‘ಆಟೋಮ್ಯಾಟಿಕ್ ಇದೆಯಾ’ ಎಂದು ಕೇಳಿ ಸುಮ್ಮನಾಗಬೇಡಿ, ‘ಯಾವ ಥರದ್ದು’ ಎಂದೂ ಕೇಳಿ.